ಹಾಡಿಲ್ಲದೆ ನಡೆಯದ ಎತ್ತುಗಳು

ನನ್ನ ಲಗ್ನವಾದಾಗ ಜಮಖಂಡಿಯಲ್ಲಿ ಇನ್ನೂ ಸಂಸ್ಥಾನದ ಆಳಿಕೆ ಇತ್ತು. ನನಗಾಗ ಹದಿನೇಳು ತುಂಬಿತ್ತು ಅಂತ ನಮ್ಮವ್ವ ಹೇಳುತ್ತಿದ್ದಳು. ಅಪ್ಪ ಯಾವ ವರ್ಷ ಯಾವ ಬಣ್ಣದ ಸೀರೆ ನೇಯುತ್ತಿದ್ದ ಎಂಬುದರ ಮೇಲೆ ಅವಳು ನಮ್ಮ ವಯಸ್ಸು ನೆನಪಿಡುತ್ತಿದ್ದಳಾದ್ದರಿಂದ ಒಂದು ವರ್ಷ ಆಚೆ ಈಚೆ ಇದ್ದೀತು. ಬನಹಟ್ಟಿಯಲ್ಲಿ ನಮ್ಮದು ಮಗ್ಗದ ಮನೆ. ನಡುಮನೆಯ ತುಂಬ ಮಗ್ಗ, ಅದರ ಸುತ್ತ ನಾವು. ನೂಲು ಸುತ್ತುವುದು, ಗಂಜಿ ಹಾಕುವುದು, ಹರಿದ ಎಳೆ ಹುಡುಕಿ ಗಂಟು ಹಾಕುವುದು ನನಗೆ ಬರುತ್ತಿತ್ತು. ಮಣ್ಣಿನ ಕೆಲಸ ಮಾತ್ರ ಒಂದೂ ಗೊತ್ತಿರಲಿಲ್ಲ.

ಹೀಗಿರುವ ನನ್ನನ್ನು ಕಾಯಿಪಲ್ಲೆ ಬೆಳೆಯುವ ಮನೆಗೆ ಕೊಟ್ಟರು. ಜಮಖಂಡಿಯಿಂದ ಹುನ್ನೂರಿಗೆ ಹೋಗುವ ದಾರಿಯ ಬಲಗಡೆ ನಮ್ಮ ತೋಟ. ತೋಟ ಅಂದರೆ ದೊಡ್ಡದೇನಲ್ಲ. ಈ ಬದುವಿನಲ್ಲಿ ನಿಂತು ಕೂಗಿದರೆ ಆ ಬದುವಿನಲ್ಲಿದ್ದವರು ಓಗೊಡುವಷ್ಟು. ನಡುವೆ ಒಂದು ಆಳವಾದ ಬಾವಿ, ಬಾವಿಯ ಪಕ್ಕ ಬೇವಿನ ಮರ, ಮರದ ಆಚೆ ಎರಡು ಅಂಕಣದ ಮಣ್ಣಿನ ಮನೆ. ಮನೆಯಲ್ಲಿ ಮಾವ, ಅತ್ತೆ, ನನ್ನ ಗಂಡ, ನಾನು. ಕೊಟ್ಟಿಗೆಯಲ್ಲಿ ಎರಡು ಎತ್ತು, ಒಂದು ಬಿಳಿ, ಒಂದು ಕಂದು.

ಆಗಿನ ರೀತಿಯೇ ಬೇರೆ. ಸೊಸೆಯಾದವಳು ಮಾವನ ಎದುರಿಗೆ ದನಿ ಎತ್ತುವಂತಿಲ್ಲ. ಮಾವನೂ ಸೊಸೆಯನ್ನು ನೇರವಾಗಿ ಮಾತಾಡಿಸುವುದಿಲ್ಲ. ಏನಿದ್ದರೂ ಅತ್ತೆಯ ಮೂಲಕ. ನಾವು ಮೂವರೂ ಒಂದೇ ಮಡಿಯಲ್ಲಿ ಕೂತು ಕಳೆ ಕೀಳುತ್ತಿದ್ದರೂ ಮಾವ ಅತ್ತೆಗೆ, "ಅಕಿಗೆ ಹೇಳು, ಬೇರ ಸಮೇತ ಕೀಳಬೇಕಂತ," ಅನ್ನುವರು. ಅತ್ತೆ ನನ್ನ ಕಡೆ ತಿರುಗಿ, "ಬೇರ ಸಮೇತ ಕೀಳಬೇಕಂತವಾ," ಅನ್ನುವರು. ನಾನು ಸೆರಗಿನೊಳಗಿಂದ, "ಹೂನ್ರಿ ಅಂತ ಹೇಳ್ರಿ," ಅನ್ನುವೆ. ಅತ್ತೆ ಮತ್ತೆ ಆ ಕಡೆ ತಿರುಗಿ, "ಹೂನ್ರಿ ಅಂತ," ಅನ್ನುವರು. ಒಂದು ಮಾತಿಗೆ ನಾಲ್ಕು ಮಾತು ಖರ್ಚಾಗುತ್ತಿತ್ತು.

ಮೊದಲ ಮಳೆ ಬಿದ್ದ ವಾರವೇ ನಾನು ಮರ್ಯಾದೆ ಕಳೆದುಕೊಂಡೆ. ಮಾವ ಬದನೆಯ ಅಗಿ ಹಾಕಿದ್ದರು, ಅಂದರೆ ನಾಟಿಯ ಎಳೆ ಸಸಿ. ಅವರ ಬದನೆ ಅಗಿಯನ್ನು ಸಾವಳಗಿಯಿಂದಲೂ ಜನ ಬಂದು ಕೇಳುತ್ತಿದ್ದರು. ಆ ಮಡಿಯ ಕಳೆ ತೆಗೆಯಲು ಅತ್ತೆ ನನ್ನನ್ನು ಕೂರಿಸಿ ಊರೊಳಗೆ ಪಲ್ಲೆ ಮಾರಲು ಹೋದರು. ನಾನು ಮನಸ್ಸಿಟ್ಟು ಕೆಲಸ ಮಾಡಿದೆ. ಎತ್ತರವಾಗಿ, ಹಸಿರಾಗಿ, ಚೆಂದವಾಗಿ ಬೆಳೆದದ್ದನ್ನೆಲ್ಲ ಉಳಿಸಿ, ಗಿಡ್ಡಾಗಿ ಬೂದುಬಣ್ಣವಾಗಿದ್ದದ್ದನ್ನೆಲ್ಲ ಕಿತ್ತು ಬದುವಿಗೆ ಒಗೆದೆ. ಮಾವ ಬಂದು ನೋಡಿದರು. ಅವರು ಮಡಿಯ ಸುತ್ತ ಎರಡು ಸುತ್ತು ಹಾಕಿದ್ದು ಕಂಡು ಮೆಚ್ಚಿಕೊಂಡರೆಂದು ತಿಳಿದೆ. ಅತ್ತೆ ಬುಟ್ಟಿ ಹೊತ್ತು ಬಂದ ಕೂಡಲೇ ಅವರು ಅಂದರು:

"ಸೊಸಿಗೆ ಹೇಳು, ಕಸ ಭಾಳ ಛಲೋ ಬೆಳಸ್ಯಾಳಂತ. ಇನ್ನ ಬದನಿ ಎಲ್ಲಿ ಒಗದಾಳ ಕೇಳು."

ಅತ್ತೆ ಮಡಿ ನೋಡಿದರು, ಬದು ನೋಡಿದರು, ಬುಟ್ಟಿ ಇಳಿಸಿ ಹೊಟ್ಟೆ ಹಿಡಿದುಕೊಂಡು ನಕ್ಕರು. ನನಗೆ ಅಳು ಬಂತು. ಆದರೆ ಅವರು ನನ್ನ ಪಕ್ಕ ಕೂತು, ಬದುವಿಗೆ ಬಿದ್ದಿದ್ದ ಅಗಿಯಲ್ಲಿ ಇನ್ನೂ ಜೀವವಿದ್ದದ್ದನ್ನು ಆರಿಸಿ ಒಂದೊಂದಾಗಿ ಮತ್ತೆ ಊರಿದರು. ಅರ್ಧದಷ್ಟು ಬದುಕಿದವು. ಆ ದಿನದಿಂದ ನನಗೆ ಬದನೆಯ ಎಲೆಯ ಹಿಂದಿನ ಸಣ್ಣ ತುಪ್ಪಳ ಕಣ್ಣು ಮುಚ್ಚಿ ಮುಟ್ಟಿದರೂ ಗೊತ್ತಾಗುತ್ತದೆ.

ಮಳೆಗಾಲದಲ್ಲಿ ಬಾವಿಗೆ ಕೆಲಸವಿಲ್ಲ. ಮೆಂತ್ಯ, ರಾಜಗಿರಿ, ಪುಂಡಿಪಲ್ಲೆ ತಾವೇ ಪೈಪೋಟಿಯಲ್ಲಿ ಎದ್ದು ನಿಲ್ಲುತ್ತಿದ್ದವು. ಬೆಳಗಿನ ಜಾವ ಕೊಯ್ದು, ಕಟ್ಟು ಕಟ್ಟಿ, ನೀರು ಚಿಮುಕಿಸಿ, ಬುಟ್ಟಿಯಲ್ಲಿ ಜೋಡಿಸಿಕೊಂಡು ಅತ್ತೆ ಊರಿಗೆ ನಡೆಯುವರು. ಎರಡು ತಿಂಗಳಾದ ಮೇಲೆ ನನ್ನನ್ನೂ ಕರೆದೊಯ್ಯತೊಡಗಿದರು. ಯಾವ ಓಣಿಯಲ್ಲಿ ಏನು ಮಾರಬೇಕು ಎಂಬುದು ಅವರಿಗೆ ಬಾಯಿಪಾಠ. ತೇರದಾಳದ ಕಡೆಯಿಂದ ಬಂದು ನೆಲೆಸಿದ ಜೈನರ ಮನೆಗಳಿದ್ದ ಓಣಿಯ ಬಾಯಿಗೆ ಬಂದಾಗ ಅವರು ಉಳ್ಳಾಗಡ್ಡಿಯ ಬುಟ್ಟಿಯನ್ನು ಗುರುತಿನವರ ಕಟ್ಟೆಯ ಮೇಲೆ ಇಟ್ಟುಬಿಡುತ್ತಿದ್ದರು.

"ಅವರು ಗಡ್ಡಿ ತಿನ್ನೂದಿಲ್ಲ. ಮಳಿಗಾಲ ನಾಕು ತಿಂಗಳ ಸೊಪ್ಪಿನ ಪಲ್ಲೇನೂ ಮುಟ್ಟೂದಿಲ್ಲ. ಎಲಿಯೊಳಗ ಸಣ್ಣ ಹುಳ ಇರತಾವ, ಜೀವ ಹೋಗತೈತಿ ಅಂತ. ಹೀರಿಕಾಯಿ ಬೆಂಡಿಕಾಯಿ ಅಷ್ಟ ತೋರಸು," ಅಂತ ನನಗೆ ಪಾಠವಾಯಿತು.

ಆ ಓಣಿಯಲ್ಲಿ ಒಬ್ಬ ಅಜ್ಜಿ ಇದ್ದಳು. ಒಂದೊಂದು ಬೆಂಡೆಕಾಯಿಯನ್ನೂ ಬಿಸಿಲಿಗೆ ಹಿಡಿದು, ತೂತಿದೆಯೇ ಎಂದು ತಿರುಗಿಸಿ ನೋಡಿ, ಆಮೇಲೇ ಮಡಿಲಿಗೆ ಹಾಕಿಕೊಳ್ಳುತ್ತಿದ್ದಳು. ಹುಳ ಇದ್ದದ್ದು ಕಂಡರೆ ಬೈಯುತ್ತಿರಲಿಲ್ಲ. "ಇದನ್ನ ಗಿಡದ ಬುಡಕ್ಕ ಒಯ್ದ ಬಿಡವಾ, ಅಲ್ಲೇ ಇರಲಿ ಅದು," ಅಂತ ನನ್ನ ಕೈಗೆ ವಾಪಸು ಕೊಡುವಳು. ನಾನು ಕೆಲವು ಸಲ ಖರೆಯಾಗಿಯೂ ಒಯ್ದು ಬಿಟ್ಟಿದ್ದೇನೆ. ಮಾವನಿಗೆ ಗೊತ್ತಾಗದಂತೆ.

ಚಳಿ ಬಿದ್ದ ಮೇಲೆ ಬಾವಿಯ ಕೆಲಸ ಸುರುವಾಯಿತು. ಆಗ ನಾನು ಮೊದಲ ಸಲ ಮಟ್ಟಿ ಹೊಡೆಯುವುದನ್ನು ಸರಿಯಾಗಿ ನೋಡಿದೆ. ಈಗಿನವರಿಗೆ ಹೇಳಬೇಕು: ಮಟ್ಟಿ ಎಂದರೆ ಬಾವಿಯಿಂದ ನೀರೆತ್ತುವ ದೊಡ್ಡ ತೊಗಲಿನ ಚೀಲ, ನೀರು ಸುರಿಯಲು ಅದಕ್ಕೆ ಸೊಂಡಿಲಿನಂಥ ಬಾಯಿ. ಅದರ ಹಗ್ಗ ಬಾವಿಯ ಮೇಲಿನ ಗಾಲಿಯನ್ನು ಹಾಯ್ದು ಎತ್ತುಗಳ ನೊಗಕ್ಕೆ ಬರುತ್ತದೆ. ಬಾವಿಯ ಎದುರಿಗೆ ನೆಲವನ್ನು ಇಳಿಜಾರಾಗಿ ಕಡಿದಿರುತ್ತಾರೆ. ಎತ್ತುಗಳು ಆ ಜಾರಿನಲ್ಲಿ ಕೆಳಗೆ ನಡೆದರೆ ನೀರು ತುಂಬಿದ ಮಟ್ಟಿ ಮೇಲೆ ಬರುತ್ತದೆ, ದೋಣಿಗೆ, ಅಂದರೆ ಬಾವಿಯ ದಂಡೆಯ ಕಲ್ಲಿನ ತೊಟ್ಟಿಗೆ, ನೀರು ಸುರಿಯುತ್ತದೆ. ಅಲ್ಲಿಂದ ಕಾಲುವೆ ಹಿಡಿದು ಮಡಿಗಳಿಗೆ ಹೋಗುತ್ತದೆ. ಆಮೇಲೆ ಎತ್ತುಗಳು ಹಿಂದೆ ಹಿಂದೆ ಸರಿಯುತ್ತ ಜಾರು ಏರಬೇಕು, ಮಟ್ಟಿ ಬಾವಿಗೆ ಇಳಿಯಬೇಕು. ಕೆಳಗೆ ಹೋಗುವಾಗ ಹೊಡೆಯುವವನು ಹಗ್ಗದ ಮೇಲೆ ಕೂತು ತನ್ನ ಭಾರವನ್ನೂ ಕೊಡುತ್ತಾನೆ.

ನನ್ನ ಗಂಡ ಅದನ್ನು ಹಾಡಿನ ಮೇಲೆ ನಡೆಸುತ್ತಿದ್ದರು. ಜಾರು ಇಳಿಯುವಾಗ ಒಂದು ಉದ್ದನೆಯ ಸಾಲು. ಸಾಲು ಮುಗಿದು "ಹೋ" ಎಂದು ಎಳೆದ ಕೂಡಲೇ ಎತ್ತುಗಳು ನಿಲ್ಲುವವು. ಅಷ್ಟರಲ್ಲಿ ಮಟ್ಟಿ ಸರಿಯಾಗಿ ದೋಣಿಯ ಮೇಲೆ ಬಂದಿರುತ್ತಿತ್ತು. ಹಿಂದೆ ಸರಿಯುವಾಗ ಮಾತಿಲ್ಲದ ಗುನುಗು. ಕರುವಾಗಿದ್ದಾಗಿನಿಂದ ಅವರೇ ಪಳಗಿಸಿದ ಎತ್ತುಗಳು, ಬಾರುಕೋಲಿನ ಮೇಲೆ ನಡೆದವಲ್ಲ. ಆ ಸಾಲೇ ಅವಕ್ಕೆ ದಾರಿಯ ಅಳತೆ.

ಮನೆಯಲ್ಲಿ ಹಗಲು ನನ್ನ ಗಂಡ ನನ್ನೊಡನೆ ಮಾತಾಡುತ್ತಿರಲಿಲ್ಲ. ಅಪ್ಪ ಅವ್ವನ ಎದುರಿಗೆ ಹೆಂಡತಿಯನ್ನು ಮಾತಾಡಿಸುವುದು ಆಗ ನಾಚಿಕೆಗೇಡು. ಆದರೆ ಹಾಡಿನಲ್ಲಿ ಏನು ಹೇಳಿದರೂ ಅದು ಎತ್ತಿಗೆ ಹೇಳಿದ ಹಾಗೆ! ನಾನು ಮಡಿಯಲ್ಲಿ ನೀರು ತಿರುವುತ್ತ ನಿಂತಿರುವಾಗ ಅವರು ಹಗ್ಗದ ಮೇಲೆ ಕೂತು ಹೀಗೆ ಎಳೆಯುವರು:

ಬಂದಾಳೊ ಬನಹಟ್ಟಿ ಬೆಡಗಿ ಬಸವಣ್ಣ
ರೊಟ್ಟೀಯ ಒಂದ ಮಗ್ಗಲ ಸುಟ್ಟು
ಇನ್ನೊಂದ ಹಸಿ ಬಿಟ್ಟು ತಂದಾಳೋ... ಹೋ!

ನನಗೆ ಸಿಟ್ಟೂ ಬರುತ್ತಿತ್ತು, ನಗುವೂ ಬರುತ್ತಿತ್ತು. ಎರಡನ್ನೂ ಸೆರಗಿನಲ್ಲಿ ಮುಚ್ಚಿಕೊಂಡು ಕಾಲುವೆಯ ಬಾಯಿ ಕಟ್ಟುತ್ತಿದ್ದೆ. ನನ್ನ ಹೊಸ ಬಳೆ ಅವರ ಕಣ್ಣಿಗೆ ಬಿದ್ದದ್ದು, ನಾನು ತವರಿಗೆ ಹೋಗಿ ಎಂಟು ದಿನ ಹೆಚ್ಚಿಗೆ ಉಳಿದದ್ದಕ್ಕೆ ಅವರಿಗೆ ಬೇಸರವಾದದ್ದು, ಎಲ್ಲ ನನಗೆ ತಿಳಿದದ್ದು ಎತ್ತುಗಳಿಗೆ ಹೇಳಿದ ಹಾಡಿನಿಂದಲೇ. ಜವಾಬು ಕೊಡಲು ನನಗೆ ಎತ್ತೂ ಇರಲಿಲ್ಲ, ದನಿಯೂ ಇರಲಿಲ್ಲ.

ಸಂಕ್ರಾಂತಿಯ ಹಿಂದಿನ ದಿನ ಊರಿಗೆ ಊರೇ ಬದನೆ, ಗಜ್ಜರಿ, ಅವರೆ, ಹಸಿ ಕಡಲೆ ಕೇಳುತ್ತದೆ. ಎಲ್ಲ ಕೂಡಿಸಿ ಭೋಗಿಯ ಪಲ್ಲೆ ಮಾಡುತ್ತಾರೆ. ಆ ನಸುಕಿನಲ್ಲಿ ನಾವು ನಾಲ್ವರೂ ಇಬ್ಬನಿಯಲ್ಲಿ ನೆನೆದು ಗಜ್ಜರಿ ಕಿತ್ತು ದೋಣಿಯಲ್ಲಿ ತೊಳೆದೆವು. ಬಾವಿಯ ನೀರಿನಿಂದ ಹಬೆ ಏಳುತ್ತಿತ್ತು. ಕೈ ಬೆಚ್ಚಗಾಗಲಿ ಎಂದು ನಾನು ತೊಳೆದ ಗಜ್ಜರಿಗಳನ್ನೇ ಮತ್ತೆ ಮತ್ತೆ ತೊಳೆಯುತ್ತಿದ್ದೆ. ಬುಟ್ಟಿಗಳು ಸೂರ್ಯ ನೆತ್ತಿಗೆ ಬರುವ ಮೊದಲೇ ಖಾಲಿಯಾದವು. ಅತ್ತೆ ನನಗೆ ಬಳೆಗಾರನ ಅಂಗಡಿಯಲ್ಲಿ ಹಸಿರು ಬಳೆ ಇಡಿಸಿದರು. ಮೇಲೆ ಹೇಳಿದ ಹೊಸ ಬಳೆ ಅವೇ.

ಹೀಗೆ ಬೇಸಿಗೆ ಬಂತು. ನಮ್ಮ ಕಡೆಯ ಬೇಸಿಗೆ ಅಂದರೆ ಕರಿಮಣ್ಣು ಬಾಯಿ ಬಿಟ್ಟು ಅಂಗೈ ಹೋಗುವಷ್ಟು ಬಿರುಕು ಬಿಡುತ್ತದೆ. ಆ ಕಾಲಕ್ಕೆ ಸೌತೆಕಾಯಿ ಇದ್ದವನೇ ದೊರೆ. ಮಾವ ಬಾವಿಗೆ ಹತ್ತಿರದ ಮಡಿಗಳಲ್ಲೆಲ್ಲ ಸೌತೆ ಹಾಕಿದ್ದರು. ಬಳ್ಳಿ ಹರಿದು, ಹಳದಿ ಹೂವು ಕಚ್ಚಿ, ಕಿರುಬೆರಳಿನಷ್ಟು ಮಿಡಿ ಮೂಡಿದ್ದವು. ದಿನ ಬಿಟ್ಟು ದಿನ ನೀರು ಬೇಕೇ ಬೇಕು.

ಸರಿಯಾಗಿ ಆಗಲೇ ನನ್ನ ಗಂಡನ ಗಂಟಲು ಬಾತುಕೊಂಡಿತು. ಬೆಳಿಗ್ಗೆ ಎದ್ದಾಗ ಗದ್ದದ ಎರಡೂ ಕಡೆ ಊದಿ ಮುಖ ಕುಂಬಳಕಾಯಿಯಾಗಿತ್ತು. ಮಾತಾಡಲು ಹೋದರೆ ಬರೀ ಗಾಳಿ. ಅತ್ತೆ ಅರಿಶಿಣ ಸುಣ್ಣ ಕಲಸಿ ಹಚ್ಚಿ, ಗದ್ದಕ್ಕೆ ಬಟ್ಟೆ ಕಟ್ಟಿ, ನೆತ್ತಿಯ ಮೇಲೆ ಗಂಟು ಹಾಕಿ ಬೇವಿನ ನೆರಳಿನಲ್ಲಿ ಮಲಗಿಸಿದರು. ಊರ ವೈದ್ಯರು ಬಂದು ನೋಡಿ, "ಎಂಟ ದಿನ ಬಾಯಿ ತೆಗಿಯಬ್ಯಾಡ. ತಾನ ಇಳಿತೈತಿ," ಎಂದು ಹೇಳಿ ಹೋದರು.

"ಅದಕ್ಕೇನ, ನಾ ಹೊಡಿತೀನಿ ಮಟ್ಟಿ," ಅಂತ ಮಾವ ಎದ್ದರು. ಎತ್ತು ಹೂಡಿ "ಹೈ, ಹೈ" ಅಂದರು. ಎತ್ತುಗಳು ನಾಲ್ಕು ಹೆಜ್ಜೆ ಇಟ್ಟು ನಿಂತು ಹಿಂತಿರುಗಿ ನೋಡಿದವು. ಮಾವ ಮತ್ತೆ "ಹೈ" ಅಂದರು. ಮತ್ತೆ ನಾಲ್ಕು ಹೆಜ್ಜೆ. ಮಟ್ಟಿ ಬಾವಿಯ ಅರ್ಧಕ್ಕೆ ಬಂದು ತೂಗಾಡುತ್ತ ನೀರೆಲ್ಲ ಕೆಳಗೆ ಚೆಲ್ಲಿತು. ಹೊಡೆಯಲೆಂದು ಕೋಲೆತ್ತಿದರೆ ಬೇವಿನ ಕೆಳಗಿನಿಂದ ನನ್ನ ಗಂಡ ಎರಡೂ ಕೈ ಆಡಿಸಿ ಬೇಡ ಬೇಡ ಅನ್ನುತ್ತಿದ್ದರು.

ಆಮೇಲೆ ಅತ್ತೆ ಸೆರಗು ಬಿಗಿದರು. ಅವರಿಗೆ ಗೊತ್ತಿದ್ದ ರಾಗ ಒಂದೇ, ಓಣಿಯಲ್ಲಿ ಪಲ್ಲೆ ಮಾರುವ ಕೂಗು. "ಬದನಿಕಾಯ್ ಬೇಕೇನ್ರೆವ್ವಾ... ಬೆಂಡಿಕಾಯ್ರೀ..." ಅಂತ ಎಳೆದರು. ಎತ್ತುಗಳು ನಡೆದವು, ಆದರೆ ನೆಟ್ಟಗೆ ಅಲ್ಲ. ಮಾರಿ ಬಂದಾಗ ಅತ್ತೆ ಮನೆಯ ಬಾಗಿಲಲ್ಲೂ ಅದೇ ಕೂಗು ಹಾಕುತ್ತಿದ್ದರಾದ್ದರಿಂದ, ಆ ಕೂಗು ಕೇಳಿದರೆ ಬುಟ್ಟಿ ಇಳಿದು ಸೊಪ್ಪಿನ ಉಳಿಕೆ ತಿನ್ನಲು ಸಿಗುತ್ತದೆ ಎಂದು ಅವಕ್ಕೆ ಗೊತ್ತಿತ್ತು. ನೊಗದ ಸಮೇತ ಮನೆಯ ಬಾಗಿಲ ಕಡೆ ಹೊರಟವು. ಮಟ್ಟಿ ಬಾವಿಯ ಗೋಡೆಗೆ ಬಡಿದು ದಬ್ಬೆಂದಿತು. ಬೇವಿನ ಕೆಳಗೆ ನನ್ನ ಗಂಡ ನಕ್ಕು, ನೋವಾಗಿ, ಗದ್ದ ಹಿಡಿದುಕೊಂಡು ಹೊರಳಾಡಿದರು.

ಪಕ್ಕದ ತೋಟದವನು ಬಂದು ತನ್ನ ಹಾಡು ಹೇಳಿ ನೋಡಿದ. ಅವನ ಜಾರು ನಮ್ಮದಕ್ಕಿಂತ ಉದ್ದ, ಅವನ ಸಾಲೂ ಉದ್ದ. ಎತ್ತುಗಳು ಕೊನೆಯ ಕಲ್ಲು ದಾಟಿ ಗಾಲಿಯೇ ಕಿತ್ತು ಬರುವಂತಾಯಿತು. ಅವನು ಕೈಮುಗಿದು ಹೋದ.

ಆ ದಿನ ನೀರಾಗಲಿಲ್ಲ. ಮರುದಿನ ಮಧ್ಯಾಹ್ನಕ್ಕೆ ಸೌತೆಯ ಎಲೆಗಳು ಒದ್ದೆ ಬಟ್ಟೆಯ ಹಾಗೆ ಜೋತುಬಿದ್ದವು. ಮಾವ ಮಡಿಯ ಬದುವಿನಲ್ಲಿ ಕೂತು ಒಂದು ಮಿಡಿಯನ್ನು ಬೆರಳಿನಿಂದ ಮುಟ್ಟಿ ಮುಟ್ಟಿ ನೋಡುತ್ತಿದ್ದರು. ಅವರ ಮುಖ ನೋಡಿ ನನಗೆ ಸಂಕಟವಾಯಿತು. ಕೊಡದಿಂದ ಸೇದಿ ಹಾಕೋಣವೆಂದು ಎತ್ತುಗಳ ಪಕ್ಕದಿಂದ ಬಾವಿಯ ಕಡೆ ಹೊರಟೆ. ಯಾವಾಗಲೂ ಕೇಳುತ್ತಿದ್ದ ಆ ಹಾಡು ನನಗರಿವಿಲ್ಲದೆ ಮೂಗಿನಲ್ಲಿ ಬಂತು. ಕಂದು ಎತ್ತು ಮೆಲುಕು ಹಾಕುವುದನ್ನು ನಿಲ್ಲಿಸಿ ನನ್ನ ಕಡೆ ಕಿವಿ ತಿರುಗಿಸಿತು.

ಅತ್ತೆ ಅದನ್ನು ನೋಡಿಬಿಟ್ಟರು.

"ಏ, ಹಾಡವಾ ಅದನ್ನ!"

"ಅಯ್ಯ, ಮಾವಾರ ಅದಾರ್ರಿ," ಅಂತ ನಾನು ಪಿಸುಗುಟ್ಟಿದೆ.

"ಮಾವ ಇದ್ದರ ಏನಾತು? ಸವತಿಕಾಯಿ ಸಾಯಾಕತ್ತಾವ!"

ದಾರಿಯಲ್ಲಿ ಹುನ್ನೂರಿನ ಗಾಡಿಗಳು ಬೇರೆ ಓಡಾಡುತ್ತಿದ್ದವು. ನಾನು ಕಂಬದ ಹಾಗೆ ನಿಂತೆ. ಆಗ ಮಾವ ಬದುವಿನಿಂದ ಎದ್ದು ಗುದ್ದಲಿ ಹೆಗಲಿಗಿಟ್ಟುಕೊಂಡು, ನನ್ನ ಕಡೆ ನೋಡದೆ ಅತ್ತೆಗೆ ಹೇಳಿದರು:

"ಅಕಿಗೆ ಹೇಳು, ನಾ ಆ ತುದಿ ಮಡಿಗೆ ನೀರ ತಿರುವಾಕ ಹೊಂಟೀನಿ. ಅಲ್ಲಿಗೆ ನನಗ ಏನೂ ಕೇಳಸೂದಿಲ್ಲ. ಪಟಗಾ ಕಿವಿ ಮ್ಯಾಲೆ ಬಿಗದ ಸುತ್ತೀನಿ."

ಅತ್ತೆ ಅದನ್ನು ನನಗೆ ದಾಟಿಸುವ ಹೊತ್ತಿಗೆ ಅವರು ತಲೆಯ ರುಮಾಲನ್ನು ಕಿವಿಯ ಮೇಲೆ ಸುತ್ತುತ್ತ ಅರ್ಧ ದಾರಿ ಹೋಗಿದ್ದರು.

ನಾನು ಸೀರೆಯನ್ನು ಕಚ್ಚೆ ಹಾಕಿ, ಸೆರಗನ್ನು ಮುಖದ ಮೇಲೆ ಎಳೆದುಕೊಂಡು, ಅತ್ತೆಯೊಡನೆ ಎತ್ತು ಹೂಡಿ, ಜಾರಿನ ತಲೆಗೆ ನಿಂತು ಮೊದಲ ಸಾಲು ಎತ್ತಿದೆ. ಎತ್ತುಗಳು ನಡೆದವು! ಹಗ್ಗ ಬಿಗಿಯಿತು, ಗಾಲಿ ಕಿರುಗುಟ್ಟಿತು. ಆದರೆ ನನ್ನ ಉಸಿರು ಗಂಡಸಿನ ಉಸಿರಲ್ಲ. ಸಾಲು ಬೇಗ ಮುಗಿದು "ಹೋ" ಅಂದೆ. ಎತ್ತುಗಳು ಹೇಳಿದ ಮಾತು ಕೇಳಿ ಅಲ್ಲೇ ನಿಂತವು. ಮಟ್ಟಿ ದೋಣಿಗೆ ಮೊಳದಷ್ಟು ಕೆಳಗೆ ಉಳಿದು ನೀರು ಬಾವಿಗೆ ಬಿತ್ತು. ಎರಡನೆಯದೂ ಹಾಗೇ ಆಯಿತು. ಮೂರನೆಯದಕ್ಕೆ ಉಪಾಯ ಹೊಳೆಯಿತು. ಕೊನೆಯ ಮಾತನ್ನು ಮೂರು ಸಲ ಹೇಳುವುದು. "ತಂದಾಳೋ, ತಂದಾಳೋ, ತಂದಾಳೋ... ಹೋ!" ಮಟ್ಟಿ ಸರಿಯಾಗಿ ದೋಣಿಯ ಮೇಲೆ ಬಂದು ಸೊಂಡಿಲು ಬಿಚ್ಚಿ ಧೋ ಎಂದು ಸುರಿಯಿತು.

ಅತ್ತೆ ಚಪ್ಪಾಳೆ ತಟ್ಟಿದರು. ಒಣಗಿದ ಕಾಲುವೆಯಲ್ಲಿ ನೀರು ನೊರೆ ಕಸ ತಳ್ಳಿಕೊಂಡು ಓಡಿತು. ಹತ್ತಾರು ಮಟ್ಟಿ ಆಗುವ ಹೊತ್ತಿಗೆ ನಾನು ಹಗ್ಗದ ಮೇಲೆ ಕೂಡುವುದನ್ನೂ ಕಲಿತೆ. ಮೊದಲ ಸಲ ಕೂತಾಗ ಹಗ್ಗ ಜಿಗಿದು ನನ್ನನ್ನು ಮಣ್ಣಿಗೆ ಒಗೆದಿತ್ತು. ಅದೂ ದಾರಿಯ ಗಾಡಿಯೊಂದು ನಿಂತು ನೋಡುವಾಗ. ಗಾಡಿಯಲ್ಲಿದ್ದ ಹೆಂಗಸು, "ಹತ್ತು ಮಗಳ, ಹತ್ತು, ಬಿಡಬ್ಯಾಡ," ಎಂದು ಕೂಗಿದಳು.

ದಿನ ಕಳೆದಂತೆ ನನ್ನ ಸೆರಗು ಮುಖದಿಂದ ಹಣೆಗೆ, ಹಣೆಯಿಂದ ನೆತ್ತಿಗೆ ಸರಿಯಿತು. ಗಂಡನ ಹಾಡುಗಳೆಲ್ಲ ಮುಗಿದು, ಅವನ್ನೇ ತಿರುಗಿ ತಿರುಗಿ ಹಾಡಿ ಬೇಸರವಾಯಿತು. ಬೇವಿನ ಕೆಳಗೆ ಅವರು ಗದ್ದ ಕಟ್ಟಿಕೊಂಡು ಕೂತು ನನ್ನನ್ನೇ ನೋಡುತ್ತಿದ್ದರು. ಅಷ್ಟು ತಿಂಗಳು ಅವರು ಹೇಳಿದ್ದೆಲ್ಲ ನನಗೆ ನೆನಪಾಯಿತು. ಈಗ ನನಗೆ ಎತ್ತೂ ಇತ್ತು, ದನಿಯೂ ಇತ್ತು.

ಹಾಡೂವ ಗಂಡಗ ಗಂಟಲ ಕಟ್ಟೈತಿ ಬಸವಣ್ಣ
ಕರಕ ರೊಟ್ಟೀಯ ದೂರು ಹೇಳಿದ
ಬಾಯಿಗೆ ಬೀಗವ ಬಿದ್ದೈತೋ... ಹೋ!

ಅವರ ಕಣ್ಣು ಅಗಲವಾದವು. ಜವಾಬು ಹೇಳಲು ಬಾಯಿ ತೆಗೆದರು. ಬರೀ ಗಾಳಿ ಬಂತು. ಒಂದು ಬೇವಿನಕಾಯಿ ಎತ್ತಿ ನನ್ನ ಕಡೆ ಒಗೆದರು. ನಾನು ಇನ್ನೊಂದು ಸಾಲು ಕಟ್ಟಿದೆ, ಮತ್ತೊಂದು ಕಟ್ಟಿದೆ. ತವರಿನಲ್ಲಿ ಎಂಟು ದಿನ ಯಾಕೆ ಉಳಿದೆ ಎಂಬುದನ್ನೂ ಹೇಳಿದೆ. ಅವ್ವನಿಗೆ ಮೈಯಲ್ಲಿ ಆರಾಮವಿರಲಿಲ್ಲ. ಇವರಿಗೆ ಅದು ಗೊತ್ತೇ ಇರಲಿಲ್ಲ. ಅದನ್ನು ಕೇಳಿ ಅವರು ಕೈಯಲ್ಲಿದ್ದ ಬೇವಿನಕಾಯಿಯನ್ನು ಕೆಳಗಿಟ್ಟು ತಲೆ ತಗ್ಗಿಸಿದರು. ಮದುವೆಯಾದ ಮೇಲೆ ನಾವಿಬ್ಬರೂ ಹಗಲು ಹೊತ್ತಿನಲ್ಲಿ ಮಾತಾಡಿದ್ದು ಅದೇ ಮೊದಲು ಅನ್ನಬೇಕು.

ಆರನೆಯ ದಿನವೋ ಏಳನೆಯ ದಿನವೋ, ಹೊಸ ಸಾಲು ಹೊಳೆಯದೆ ಹಳೆಯದೊಂದನ್ನು ಹಾಡುತ್ತಿದ್ದೆ. "ಕೆರೆಯ ಏರಿ ಮ್ಯಾಲ ಹರಿದಾವ ನವಿಲು" ಅಂದೆ. ತುದಿಯ ಮಡಿಯಿಂದ, ಏನೂ ಕೇಳದ ಜಾಗದಿಂದ, ದೊಡ್ಡ ದನಿ ಬಂತು:

"ಹರಿದಾವ ಅಲ್ಲವ್ವಾ! ನವಿಲ ಹ್ಯಾಂಗ ಹರಿತಾವ? ಹಾರ್ಯಾವ ಅನ್ನು, ಹಾರ್ಯಾವ!"

ನಾನು ಹಾಡು ನಿಲ್ಲಿಸಿದೆ. ಎತ್ತುಗಳು ಜಾರಿನ ನಡುವೆ ನಿಂತವು. ಅತ್ತೆ ಕಳೆ ಕೀಳುವುದನ್ನು ಬಿಟ್ಟು ಮಾವನ ಕಡೆ ನೋಡಿದರು. ಮಾವ ಗುದ್ದಲಿ ಹಿಡಿದು ನಿಂತಿದ್ದರು. ಅವರ ಪಟಗಾ ಕಿವಿಯ ಮೇಲೆ ಇರಲಿಲ್ಲ. ಬದುವಿನ ಮೇಲೆ ಮಡಿಚಿಟ್ಟಿದ್ದರು.

"ಪಟಗಾ ಎಲ್ಲೈತ್ರಿ?" ಅಂತ ಅತ್ತೆ ಕೇಳಿದರು.

"ಸೆಕಿ ಭಾಳ ಐತಿ," ಅಂದರು ಮಾವ. ಆಮೇಲೆ, ಈಗಂತೂ ಎಲ್ಲ ಮುಗಿದೇ ಹೋಯಿತು ಅನ್ನುವ ಹಾಗೆ, ನೇರವಾಗಿ ನನ್ನನ್ನೇ ನೋಡಿ, "ಅದು ನಮ್ಮವ್ವನ ಹಾಡವಾ. ನಾನ ನಿನ್ನ ಗಂಡಗ ಕಲಿಸಿದ್ದು. ನನ್ನ ದನಿ ಛಲೋ ಇಲ್ಲಂತ ಅಂವಗ ಹಾಡಾಕ ಬಿಟ್ಟೀನಿ. ನೀ ಹಾಡು," ಅಂದರು.

"ಹೂನ್ರಿ ಮಾವಾರ," ಅಂದೆ. ಈ ಸಲ ನಡುವೆ ಯಾರೂ ಅದನ್ನು ದಾಟಿಸಬೇಕಾಗಲಿಲ್ಲ.

ಗಂಡನ ಗದ್ದದ ಬಟ್ಟೆ ಬಿಚ್ಚಿದ ಮೇಲೂ ಮಟ್ಟಿ ಪೂರ್ತಿ ಅವರ ಕೈಗೆ ಹೋಗಲಿಲ್ಲ. ಬೆಳಿಗ್ಗೆ ಅವರು, ಇಳಿಹೊತ್ತಿಗೆ ನಾನು. ಇಬ್ಬರ ಸಾಲಿನ ಅಳತೆಯೂ ಎತ್ತುಗಳಿಗೆ ಬೇರೆಬೇರೆಯಾಗಿ ಗೊತ್ತಾಗಿಬಿಟ್ಟಿತ್ತು. ಬೆಳಿಗ್ಗೆ ಅವರು ಕೇಳಿದ್ದಕ್ಕೆ ನಾನು ಸಂಜೆ ಜವಾಬು ಕೊಡುತ್ತಿದ್ದೆ. ಮಾವ ನಡುನಡುವೆ ತಪ್ಪು ತಿದ್ದುತ್ತಿದ್ದರು. ಅತ್ತೆಗೆ ಮಾತ್ರ ಯಾರೂ ಹಾಡಲು ಹೇಳಲಿಲ್ಲ. ಅದಕ್ಕೆ ಅವರು ಆಗಾಗ ಮುನಿಸಿಕೊಂಡು, ಬೇಕಂತಲೇ "ಬದನಿಕಾಯ್ರೀ" ಎಂದು ಕೂಗಿ ಎತ್ತುಗಳನ್ನು ದಾರಿ ತಪ್ಪಿಸುತ್ತಿದ್ದರು.

ಸೌತೆ ಆ ವರ್ಷ ಚೆನ್ನಾಗಿ ಬಂತು. ಬಿಸಿಲಿನಲ್ಲಿ ಜಮಖಂಡಿಯ ಪ್ಯಾಟೆಗೆ ಒಯ್ದರೆ ನಾವು ಕೂಡುವ ಮೊದಲೇ ಕೊಳ್ಳುವವರು ಸುತ್ತ ನಿಂತಿರುತ್ತಿದ್ದರು. ಒಂದು ಇಳಿಹೊತ್ತು ಪಡುವಣದಲ್ಲಿ ಮೋಡ ಕಟ್ಟಿ, ಧೂಳೆದ್ದು, ಗುಡುಗಿ ದೊಡ್ಡ ಹನಿಯ ಮಳೆ ಸುರಿಯಿತು. ನಾನು ಹಗ್ಗದ ಮೇಲಿದ್ದೆ. ಎತ್ತು ಬಿಚ್ಚಿ ಕೊಟ್ಟಿಗೆಗೆ ಹೊಡೆದು, ಗಾಳಿಗೆ ಬಾವಿಯ ಗೋಡೆಗೆ ಬಡಿದು ಹರಿಯದಂತೆ ಮಟ್ಟಿಯನ್ನು ಗಂಡ ಹೆಗಲ ಮೇಲೆ ಹೊತ್ತು ತಂದರು. ನಾಲ್ವರೂ ಪಡಸಾಲೆಯಲ್ಲಿ ಕೂತೆವು. ಅತ್ತೆ ಉಳಿದಿದ್ದ ಸೌತೆಕಾಯಿ ಹೆಚ್ಚಿ ಉಪ್ಪು ಖಾರ ಸವರಿ ತಟ್ಟೆಯಲ್ಲಿಟ್ಟರು. ನನ್ನ ಗಂಡ ಅಪ್ಪ ಅವ್ವನ ಎದುರಿಗೇ ನನ್ನ ಕಡೆ ತಿರುಗಿ, "ನಿಮ್ಮವ್ವ ಈಗ ಆರಾಮ ಅದಾಳ? ಈ ಮಳಿ ನಿಂತ ಮ್ಯಾಲೆ ಬನಹಟ್ಟಿಗೆ ಹೋಗಿ ಬರೂಣೇನ, ಇಬ್ಬರೂ?" ಎಂದು ಕೇಳಿದರು.

ಮಾವ ಸೌತೆಕಾಯಿ ಅಗಿಯುತ್ತ, "ಹೋಗಿ ಬರ್ರಿ. ಎಳಿ ಬೆಂಡಿಕಾಯಿ ಒಯ್ರಿ ಅವರಿಗೆ," ಅಂದರು.